ಖಂಡೇಪೂಜೆಯ ಬಂದೂಕು

ಕಲಬುರಗಿ, ಶಹಾಬಜಾರ
ಆಶ್ವೀಜ ಶುದ್ಧ ಷಷ್ಠಿ, ಫಸಲಿ 1327

ಪ್ರೀತಿಯ ಅವ್ವಾ,

ನಿನ್ನ ಪಾದಕ್ಕೆ ಶರಣು. ಮೊಣಕಾಲು ನೋವು ಹೇಗಿದೆ? ಎಣ್ಣೆ ಕಾಸಿ ಹಚ್ಚಿಕೊಳ್ಳುತ್ತೀಯೋ, ಇಲ್ಲ ಹಬ್ಬದ ಕೆಲಸದ ನೆಪ ಹೇಳಿ ಬಿಟ್ಟಿದ್ದೀಯೋ? ಮುತ್ಯಾನ ಕೆಮ್ಮು ಇಳಿಯಿತೇ? ಕರಿ ಆಕಳು ಈದಿತೇ? ಕೂಸು ಹೇಗಿದೆ? ಹೆತ್ತ ಅಪ್ಪ ಕೂಸಿನ ಸುದ್ದಿ ಮೊದಲು ಕೇಳಿದರೆ ಮುತ್ಯಾ ನಾಚಿಕೆಗೆಟ್ಟವನು ಎನ್ನುತ್ತಾರೆಂದು ಆಕಳಾದ ಮೇಲೆ ಕೇಳಿದ್ದೇನೆ, ನೋಡು. ಇಲ್ಲಿ ಚಿಗವ್ವ ಶಂಕ್ರಮ್ಮ ಬೇಡವೆಂದರೂ ಬಿಡದೆ ಉಣಬಡಿಸುತ್ತಾಳೆ. ಆದರೆ ಈಚೆಗೆ ನನಗೆ ಹೆದರಿಕೆ ಹತ್ತಿದೆ, ಅವ್ವಾ. ನಮ್ಮ ಮನೆಯ ಬಂದೂಕಿನ ಹೆದರಿಕೆ. ನೀನು ಮಠದಲ್ಲಿ ಅಕ್ಷರ ಕಲಿತದ್ದು ಒಳ್ಳೆಯದಾಯಿತು. ಇದನ್ನು ಒಬ್ಬಳೇ ಓದಿಕೋ.

ಶಾಲೆಯ ಕವಾಯತಿನಲ್ಲಿ ನಮಗೆ ಈಗ ಬಂದೂಕು ಕಲಿಸುತ್ತಿದ್ದಾರೆ. ಉಸ್ತಾದರು ಬುರ್ಹಾನುದ್ದೀನ್ ಸಾಹೇಬರು, ಫೌಜಿನಲ್ಲಿ ಹವಾಲ್ದಾರರಾಗಿದ್ದವರು, ಕೋಪ ಮೂಗಿನ ತುದಿಯಲ್ಲೇ. ಭುಜಕ್ಕೆ ಒತ್ತುವ ಕಟ್ಟಿಗೆ ಕುಂದಾ, ಗುಂಡು ಹೊರಡುವ ಕೊಳವೆ ನಳಿಗೆ, ಬೆರಳಿನಿಂದ ಎಳೆಯುವುದು ಘೋಡಾ. ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಸಣ್ಣ ಮುಳ್ಳಿಗೆ ಮಕ್ಖಿ, ಅಂದರೆ ನೊಣ, ಎನ್ನುತ್ತಾರೆ. ಅದಕ್ಕೆ ನಕ್ಕೆವೆಂದು ಬಿಸಿಲಲ್ಲಿ ಮೈದಾನಕ್ಕೆ ಸುತ್ತು ಹಾಕಿಸಿದರು. ಹೆಸರು ಮರೆತರೆ ಬಿಟ್ಟಾರು, ಒಂದು ಮಾತು ಮರೆತರೆ ಬಿಡುವವರಲ್ಲ. "ಖಾಲಿ ಅಂತ ಬಾಯಿಲೆ ಹೇಳಬ್ಯಾಡ್ರಿ. ಖೋಲ್ ಕೋ ದಿಖಾವ್. ತೆರದು ತೋರಸ್ರಿ." ತೆರೆದು ನೋಡುವ ತನಕ ಎಲ್ಲ ಬಂದೂಕೂ ತುಂಬಿದ್ದೇ. ಅದರ ಬಾಯಿ ಮನುಷ್ಯರ ಕಡೆ ತಿರುಗಕೂಡದು, ಗುರಿ ಹಿಡಿಯುವ ತನಕ ಬೆರಳು ಘೋಡಾವನ್ನು ಮುಟ್ಟಕೂಡದು.

ಮೊನ್ನೆ ನನ್ನ ಜೊತೆಯ ತುಕಾರಾಮ ಒರೆಸಿಟ್ಟ ಬಂದೂಕು ಎತ್ತಿಕೊಂಡ. ಒರೆಸಿದವನು ಖಾಲಿ ಎಂದ, ಕೊಟ್ಟವನು ಖಾಲಿ ಎಂದ, ತೆರೆದು ನೋಡಿದವರು ಯಾರೂ ಇಲ್ಲ. ತಮಾಷೆಗೆ ಘೋಡಾ ಎಳೆದ. ಹಾರಿಬಿಟ್ಟಿತು! ಬಾಯಿ ಮೇಲಿದ್ದುದರಿಂದ ಗುಂಡು ತಗಡಿನ ಛಾವಣಿ ತೂತು ಮಾಡಿ ಹೋಯಿತು. ಎದುರಿಗೆ ನಾನು ಕೂತು ಬೂಟಿನ ದಾರ ಕಟ್ಟುತ್ತಿದ್ದೆ. ಉಸ್ತಾದರು ಬಂದೂಕು ಕಸಿದುಕೊಂಡು, ತೆರೆದು, ಒಬ್ಬೊಬ್ಬರಿಗೂ ತೋರಿಸಿದರು.

ಆಗ ಕಣ್ಣ ಮುಂದೆ ಬಂದದ್ದು ನಮ್ಮ ಪಡಸಾಲೆಯ ಗೂಟಕ್ಕೆ ತೂಗುವ ಬಂದೂಕು. ದೇವರ ಮುಂದೆ ಬರಿದಾದದ್ದನ್ನು ಇಡಬಾರದೆಂದು ಮುತ್ಯಾ ಆಯುಧಗಳನ್ನೆಲ್ಲ ಇಟ್ಟು ಪೂಜಿಸುವ ಖಂಡೇಪೂಜೆಯ ದಿನ ಕೊಡಕ್ಕೆ ನೀರು ತುಂಬಿದಂತೆ ಅದಕ್ಕೂ ಗುಂಡಿನ ಕಾರ್ತೂಸು ತುಂಬುತ್ತಾರೆ. "ಬರೇ ಹೊಟ್ಟೀಲೆ ಹ್ಯಾಂಗ ಕುಂದರಸ್ಲಿ ಅದಕ್ಕ?" ಎನ್ನುತ್ತಾರೆ. ಭಸ್ಮ ಹಚ್ಚಿ ಹೂ ಏರಿಸಿ, ಆ ವರ್ಷ ಹುಟ್ಟಿದ ಗಂಡುಕೂಸಿನ ಬೆರಳನ್ನು ಘೋಡಾಕ್ಕೆ ಮುಟ್ಟಿಸುತ್ತಾರೆ. ನನಗೂ ಮುಟ್ಟಿಸಿದ್ದರಂತೆ. ಈ ಸಲದ ಸರದಿ ನಮ್ಮ ಕೂಸಿನದು. ನೀವು ಹೆಂಗಸರು ಸುತ್ತ ನಿಂತು ಹಾಡುತ್ತೀರಿ. ಬಂದೂಕಿನ ಬಾಯಿ ಯಾರ ಕಡೆಗಿದೆ ಎಂದು ಒಬ್ಬರಾದರೂ ನೋಡಿದ್ದೀರಾ? ಕೂಸಿನ ಬೆರಳಿಗೆ ಕಸುವಿಲ್ಲ, ನಿಜ. ಆದರೆ ಆ ಬೆರಳು ಹಿಡಿದಿರುವುದು ಮುತ್ಯಾನ ಕೈ, ಅದು ಈಗ ಎಷ್ಟು ನಡುಗುತ್ತದೆ ಎಂದು ದಿನಾ ಚಹಾ ಕೊಡುವ ನಿನಗೆ ಗೊತ್ತು.

ಅಪ್ಪ ಬದುಕಿದ್ದರೆ ಅವರಿಗೆ ಬರೆಯುತ್ತಿದ್ದೆ. ಈಗ ಮುತ್ಯಾನಿಗೆ ನೀನೇ ಹೇಳಬೇಕು. ಕಾರ್ತೂಸು ತುಂಬುವುದು ಬೇಡ. ತುಂಬಿದ್ದರೆ ಅಂಗಳಕ್ಕೆ ತಂದು, ಬಾಯಿಯನ್ನು ತಿಪ್ಪೆಯ ಕಡೆ ಮಾಡಿ, ಹಿಂದಿನ ಕಬ್ಬಿಣದ ಕೀಲು ಸರಿಸಲಿ. ನಳಿಗೆ ಮಡಚಿಕೊಂಡು ಕಾರ್ತೂಸು ಕಾಣುತ್ತದೆ. ತೆಗೆದು ಬೇರೆ ಕಡೆ ಇಡಲಿ. ನಾನು ಹೇಳಿದೆನೆಂದು ಮಾತ್ರ ಹೇಳಬೇಡ, ಮೊಮ್ಮಗನ ಹತ್ತಿರ ಪಾಠ ಕೇಳುವ ಜೀವವಲ್ಲ ಅದು. ನನಗೆ ಬರಲಾಗದು. ಹಬ್ಬದ ದಿನವೇ ಸುಬೇದಾರ ಸಾಹೇಬರ ಮುಂದೆ ಕವಾಯತು ಇದೆ, ತಪ್ಪಿಸಿದರೆ ಶಾಲೆಯಿಂದ ಹೆಸರು ತೆಗೆಯುತ್ತಾರೆ.

ಮುತ್ಯಾನಿಗೆ ನನ್ನ ಶರಣು ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗ,
ನೀಲಕಂಠ

ತಾ.ಕ.: ಈ ಕಾಗದ ಒಯ್ಯುವ ನಮ್ಮೂರ ಸಾಯಬಣ್ಣ ಬಂಡಿ ಹೂಡಿ ಬಾಗಿಲಲ್ಲಿ ಕೂಗುತ್ತಿದ್ದಾನೆ. ಅವ್ವಾ, ಮುತ್ಯಾ ಒಪ್ಪುವುದಿಲ್ಲ, ನನಗೂ ಗೊತ್ತು, ನಿನಗೂ ಗೊತ್ತು. ನೀನು ಜಗಳಕ್ಕೆ ನಿಲ್ಲಬೇಡ. ಪೂಜೆಗೆ ಮೊದಲೇ ನಿನ್ನ ಸೊಸೆ ಲಲಿತಾಬಾಯಿಯನ್ನೂ ಕೂಸನ್ನೂ ಇದೇ ಬಂಡಿಯಲ್ಲಿ ಕೂರಿಸಿ ಮಹಾಗಾಂವಕ್ಕೆ, ಅವಳ ತವರಿಗೆ, ಕಳಿಸಿಬಿಡು. ಹಬ್ಬದ ದಿನ ಮನೆಯ ಗಂಡುಕೂಸು ಹೊಸಿಲು ದಾಟಿತೆಂದು ಮುತ್ಯಾ ಜನ್ಮವಿಡೀ ನನ್ನ ಮುಖ ನೋಡದಿದ್ದರೂ ಸರಿ. ಯಾರ ಮಾತಿಗೆ ಕಳಿಸಿದೆ ಎಂದು ಕೇಳಿದರೆ ಹೆದರದೆ ಹೇಳು, ಅದರ ಅಪ್ಪನ ಮಾತಿಗೆ ಎಂದು.