ಗೋಣಿತಾಟು ಸುತ್ತಿದ ಬೆಟ್ಟದ ಗಂಟೆ

ನಂದಿಕಲ್ಲು ಬೆಟ್ಟದ ದೇವಸ್ಥಾನದ ಅಧಿಕಾರಿಗಳೇ,

ಮೊದಲು ಆ ಕಾಫಿ ಲೋಟ ಕೆಳಗಿಡಿ. ಮುದುಕಿಯ ಕಾಗದ ಎಂದು ಕಣ್ಣಾಡಿಸಿ ಮಡಿಸಿಡಬೇಡಿ. ಹಿಂದೆ ಬರೆದದ್ದನ್ನು ಹಾಗೇ ಮಾಡಿದಿರಿ, ಅದಕ್ಕೇ ಈ ಸಲ ಪತ್ರಿಕೆಗೆ ಕೊಟ್ಟಿದ್ದೇನೆ. ಪತ್ರಿಕೆ ಓದುವ ಉಳಿದವರೂ ಕೇಳಿಸಿಕೊಳ್ಳಿ. ಬೆಟ್ಟದ ಗುಡಿಯ ಗಂಟೆಗೆ ಗೋಣಿತಾಟು ಸುತ್ತಿ ಹಗ್ಗ ಬಿಗಿದು ವರ್ಷವಾಗುತ್ತ ಬಂತು. ನಿಮ್ಮಲ್ಲಿ ಒಬ್ಬರಾದರೂ ಯಾಕೆಂದು ಕೇಳಿದಿರಾ? ಹತ್ತಿದಿರಿ, ಕಾಯಿ ಒಡೆದಿರಿ, ಇಳಿದಿರಿ.

ಯುದ್ಧವಂತೆ. ಜಪಾನಿನವರ ವಿಮಾನ ಬಂದರೆ ಅಪಾಯ ತಿಳಿಸಲು ಮಾತ್ರ ಆ ಗಂಟೆ ಹೊಡೆಯಬೇಕು, ಪೂಜೆಗೆ ಹೊಡೆದರೆ ಜನ ಗಾಬರಿಯಾಗುತ್ತಾರೆ ಎಂದು, ಅಧಿಕಾರಿಗಳೇ, ತಮ್ಮ ಘನವಾದ ಅಪ್ಪಣೆ. ಪಾಳೇಗಾರರ ಕಾಲದಿಂದ ಅದು ಮೊಳಗಿದಾಗೆಲ್ಲ ನಾವು ಗಾಬರಿಯಾಗುತ್ತಿದ್ದೆವೇ? ಮದರಾಸಿನಿಂದ ಗಂಟುಮೂಟೆ ಹೊತ್ತು ಓಡಿಬಂದವರನ್ನು ನಾನೂ ಕಂಡಿದ್ದೇನೆ, ಒಂದು ಸಂಸಾರಕ್ಕೆ ನಮ್ಮ ಜಗಲಿಯಲ್ಲೇ ಮುದ್ದೆ ಇಕ್ಕಿದ್ದೇನೆ. ಭಯ ಎಂದರೇನೆಂದು ತಿಳಿಯದವಳಲ್ಲ. ಆದರೆ ಮದರಾಸು ಬಿಟ್ಟು, ಬೆಂಗಳೂರು ಬಿಟ್ಟು, ಗುಮ್ಮಳಾಪುರದ ಹುಚ್ಚೆಳ್ಳು ಹೊಲದ ಮೇಲೆ ಬಾಂಬು ಹಾಕುವಷ್ಟು ಪುರುಸೊತ್ತು ಆ ಜಪಾನಿನವನಿಗೆ ಉಂಟೇ?

ನನ್ನ ಮೊಮ್ಮಗಳು ಗಂಗರತ್ನ. ಎಳೆಯ ಕೂಸಾಗಿದ್ದಾಗ ಜ್ವರ ಬಂದು, ಇಳಿಯುವಾಗ ಎರಡು ಕಿವಿಯನ್ನೂ ಕರೆದುಕೊಂಡು ಹೋಯಿತು. ಮಾತು ಬಾರದ ಮಕ್ಕಳ ಅಂಗೈಯನ್ನು ಬೆಟ್ಟದ ಗಂಟೆಗೆ ಒತ್ತಿಸುವುದು ನಮ್ಮ ಕಡೆಯ ವಾಡಿಕೆ. ನಾನೂ ಸೋಮವಾರ ಸೋಮವಾರ ಸೊಂಟದ ಮೇಲೆ ಹೊತ್ತು ಹತ್ತಿದೆ. ಮಾತು ಬಂತು ಎಂದು ದೇವರ ಹೆಸರಿನಲ್ಲಿ ಸುಳ್ಳು ಬರೆಯಲಾರೆ. ಬಂದದ್ದು ಬೇರೆ. ಒಂದು ದಿನ ಅರ್ಚಕರು ಗಂಟೆ ಹೊಡೆದಾಗ ಮಗು ಬೆಚ್ಚಿ ಕೈ ತೆಗೆದಳು, ಮತ್ತೆ ಇಟ್ಟಳು, ಕೆನ್ನೆ ಒತ್ತಿದಳು, ನಕ್ಕಳು. ಆ ಕಂಚಿನ ನಡುಕ ಅವಳಿಗೆ ಸಿಕ್ಕಿತ್ತು. ಮನೆಗೆ ಬಂದವಳೇ ನನ್ನ ಗಂಟಲ ಮೇಲೆ ಕೈಯಿಟ್ಟು ನೋಡಿದಳು. ಅಲ್ಲೂ ನಡುಕ! ಅಲ್ಲಿಂದಾಚೆಗೆ ನಾನು ಯಾರನ್ನು ಬೈದರೂ ಓಡಿಬಂದು ಗಂಟಲು ಹಿಡಿಯುವಳು. ನನ್ನ ಬೈಗುಳವನ್ನು ಕೊನೆಯವರೆಗೂ ಕೇಳಿದವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ.

ನೀವು ತಾಟು ಸುತ್ತಿಸಿದ ಮೇಲೆ ಮಗು ಅದರ ಮೇಲೆ ಕೈಯಿಟ್ಟು ನಿಂತಳು, ಗುದ್ದಿ ನೋಡಿದಳು. ಏನೂ ಇಲ್ಲ. ಮನೆಗೆ ಬಂದು ನನ್ನ ಗಂಟಲನ್ನೂ ಮುಟ್ಟಲಿಲ್ಲ. ನಾನೇ ಕೈ ಹಿಡಿದು ಇಟ್ಟುಕೊಂಡರೆ ಕಿತ್ತುಕೊಂಡಳು. ಗಂಟೆಯ ಜೊತೆ ನಾವೆಲ್ಲರೂ ನಿಂತುಹೋದೆವು ಎಂದು ತಿಳಿದಳೋ ಏನೋ. ಕೇಳೋಣವೆಂದರೆ ಹೇಗೆ ಕೇಳಲಿ, ಹೇಗೆ ಹೇಳಿಯಾಳು?

ಇದನ್ನೆಲ್ಲ ನಿಮ್ಮ ಕಚೇರಿ ಬಾಗಿಲಲ್ಲಿ ನಿಂತು ಹೇಳಿಕೊಂಡೆ. ನೀವು ಏನಂದಿರಿ, ನೆನಪಿದೆಯೇ?

"ಕಿವುಡಿಗೆ ಗಂಟೆ ಯಾಕಮ್ಮಾ?"

ಅಂದು, ಪಕ್ಕದ ಗುಮಾಸ್ತರ ಕಡೆ ತಿರುಗಿ ನಕ್ಕಿರಿ.

ಹೋದ ಸೋಮವಾರ ಕುಡುಗೋಲು ಒಯ್ದು ಆ ಹಗ್ಗ ಕೊಯ್ದವಳು ನಾನೇ. ಗಂಟೆ ಹೊಡೆದವಳೂ ನಾನೇ. ಕಾವಲಿನ ಪಾಪಣ್ಣ, "ಬ್ಯಾಡ ಕಣಜ್ಜಿ, ನನ್ ಕೆಲಸ ಹೋಯ್ತದೆ," ಅಂದ. "ಕಣ್ ಮುಚ್ಕೊಳ್ಲಾ," ಅಂದೆ, ಮುಚ್ಚಿಕೊಂಡ. ಏನನ್ನೂ ನೋಡದವನ ಸಂಬಳಕ್ಕೆ ಕೈ ಹಾಕಬೇಡಿ.

ತಮ್ಮ ಅಪಾಯದ ಗಂಟೆ ಕೇಳಿ ಊರು ಏನು ಮಾಡಿತು? ಓಡಿತು, ಬೆಟ್ಟದ ಮೇಲಕ್ಕೆ! ಮಂಗಳಾರತಿಗೆ ಮತ್ತೆ ಗಂಟೆ ಹೊಡೆಯುವುದು ಶುರುವಾಯಿತೆಂದು ಕಾಯಿ ಕರ್ಪೂರ ಹಿಡಿದು ಏದುಸಿರು ಬಿಡುತ್ತ ಬಂದರು. ರಾಮಲಕ್ಷ್ಮಮ್ಮ ಒಲೆಯ ಮೇಲಿನ ಎಸರನ್ನೂ ಬಿಟ್ಟು ಬಂದಿದ್ದಳು. ನಿಜವಾಗಿ ವಿಮಾನ ಬಂದಿದ್ದರೆ ಅಷ್ಟು ಜನವನ್ನೂ ಒಂದೇ ಬಂಡೆಯ ಮೇಲೆ ನಿಲ್ಲಿಸಿದ ಪುಣ್ಯ ಯಾರದಾಗುತ್ತಿತ್ತು? ಅಪ್ಪಣೆಯನ್ನು ಪಾಲಿಸಿದವರು ಒಬ್ಬರೇ, ತಾವು. ರಾಗಿ ತುಂಬುವ ಖಾಲಿ ಹಗೇವಿಗೆ ಇಳಿದಿರಂತೆ, ಇಬ್ಬರು ಕೈಕೊಟ್ಟು ಎತ್ತಬೇಕಾಯಿತಂತೆ. ಹೆದರಿದ್ದಕ್ಕೆ ನಾನು ನಗುವುದಿಲ್ಲ. ನನ್ನ ಮಗುವನ್ನು ನೋಡಿ ನಕ್ಕಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆಮೇಲೆ ಬಂತು ನೋಟೀಸು, ನಮ್ಮದು ಮದರಾಸು ಸರ್ಕಾರದ ಸೀಮೆಯಲ್ಲವೇ, ತಮಿಳಿನಲ್ಲಿ. ಕೂಲಿಮಠದಲ್ಲಿ ಕನ್ನಡದ ನಾಲ್ಕಕ್ಷರ ಮಾತ್ರ ಕಲಿತವಳು ಪಕ್ಕದ ಮನೆಯವರ ಕೈಲಿ ಓದಿಸಿಕೊಂಡೆ. ಸಾರ್ವಜನಿಕ ಶಾಂತಿಗೆ ಭಂಗ ತಂದ ನಾನು ಇನ್ನು ಬೆಟ್ಟ ಹತ್ತಕೂಡದಂತೆ. ಕಾಯಿ ಒಡೆದು ಪ್ರಸಾದ ಹಂಚಿಕೊಂಡು ಇಳಿದರಲ್ಲ ಸ್ವಾಮಿ, ಅವರಲ್ಲಿ ಯಾರ ಶಾಂತಿಗೆ ಭಂಗವಾಯಿತು?

ನಾನು ಹಗ್ಗ ಕೊಯ್ದ ಆ ಸೋಮವಾರ ಗಂಟೆಗೆ ಕೆನ್ನೆಯಿಟ್ಟ ಮಗು ಆಮೇಲೆ ನನ್ನ ಕಡೆ ತಿರುಗಿ ಗಂಟಲ ಮೇಲೆ ಕೈಯಿಟ್ಟಳು. ಸುಮ್ಮನಿದ್ದರೆ ಎಲ್ಲಿ ಕೈ ತೆಗೆದುಬಿಡುತ್ತಾಳೋ ಎಂದು, ಬಾಯಿಗೆ ಬಂದಂತೆ ನಿಮ್ಮನ್ನೇ ಬೈದೆ. ಕೊನೆಯವರೆಗೂ ಕೇಳಿದಳು.

ಮತ್ತೆ ತಾಟು ಸುತ್ತಿಸಿದ್ದೀರಂತೆ. ಬಿಚ್ಚಿಸಿ. ಅಪಾಯಕ್ಕೆ ನಿಮ್ಮ ಕಚೇರಿ ಮುಂದೆ ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿ ಬಡಿಸಿ, ಎಲ್ಲಿಗೆ ಓಡಬೇಕೆಂದು ಜನಕ್ಕೆ ಮೊದಲೇ ಹೇಳಿ. ನೋಟೀಸು ವಾಪಸು ತೆಗೆದುಕೊಳ್ಳಿ. ತೆಗೆದುಕೊಳ್ಳದಿದ್ದರೂ ನಾನು ಹತ್ತುತ್ತೇನೆ, ಕುಡುಗೋಲು ಮಸೆದಿಟ್ಟಿದ್ದೇನೆ. ಬರುವ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ, ಕನ್ನಡದಲ್ಲಿ ಬರೆಯಿರಿ. ಅದನ್ನು ನಾನೇ ಗಟ್ಟಿಯಾಗಿ ಓದಬೇಕು, ಗಂಟಲ ಮೇಲೆ ಒಂದು ಕೈ ಇರುತ್ತದೆ.

ಇಂತಿ,
ಈ ವಯಸ್ಸಿನಲ್ಲಿ ಶಾಂತಿ ಕೆಡಿಸಿದವಳೆಂದು ಹೆಸರು ಪಡೆದ
ಗುಮ್ಮಳಾಪುರದ ದೊಡ್ಡಮುನಿಯಮ್ಮ