ಗುಬ್ಬಿ ಎನ್ನಲಾರದ ಪೆಟ್ಟಿಗೆ

ತಿರುಪ್ಪೂರು
೧೧-೨-೧೯೮೯, ಶನಿವಾರ

ಅಮ್ಮಾ,

ನಿನ್ನ ಕಾಲು ಮುಟ್ಟಿದ್ದೇನೆ ಎಂದುಕೊಂಡೇ ಬರೆಯುತ್ತಿದ್ದೇನೆ. ಹಿಂದಕ್ಕೆ ಎಳೆದುಕೊಳ್ಳಬೇಡ.

ಈಗ ಬೆಳಗಿನ ನಾಲ್ಕೂವರೆ. ಮಿಲ್ಲಿನ ಸಂಗು ಕೂಗಿತು. ಇಲ್ಲಿ ಸೈರನ್ನಿಗೆ ಸಂಗು ಅನ್ನುತ್ತಾರೆ. ಅದರಿಂದ ಎಚ್ಚರವಾಯಿತು ಎಂದು ಬರೆಯಹೊರಟಿದ್ದೆ. ಸುಳ್ಳೇಕೆ, ನಿದ್ದೆ ಬಂದಿದ್ದರಲ್ಲವೇ ಎಚ್ಚರವಾಗುವುದು? ಗುಬ್ಬಿ ಮಾತ್ರ ಅಲುಗಲಿಲ್ಲ. ಅವಳ ಕೈ ನನ್ನ ಗಂಟಲ ಮೇಲಿದೆ. ನಾನು ಹಾಡುವಾಗ ಅಲ್ಲಿ ಅದುರುತ್ತದಲ್ಲ, ಅದನ್ನು ಮುಟ್ಟಿಕೊಂಡಿದ್ದರೇ ಅವಳಿಗೆ ನಿದ್ದೆ. ಕೈ ಸರಿಸದೆ ಒಂದೇ ಮಗ್ಗುಲಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಗುಬ್ಬಿಗೆ ಎರಡು ತುಂಬಿತು. ನೀನು ಅವಳನ್ನು ನೋಡಿಲ್ಲ. ಅಮ್ಮಮ್ಮ ಎಲ್ಲಿದ್ದಾಳೆ ಅಂದರೆ ಬಾಗಿಲ ಕಡೆ ಕೈ ತೋರಿಸುತ್ತಾಳೆ. ಹಾಗೆ ನಾನೇ ಕಲಿಸಿದ್ದು.

ಇವರು ಕ್ಷೇಮ, ಅತ್ತೆಯೂ ಕ್ಷೇಮ. ನಾನು ಒಂದು ಹೊಸ ವಿದ್ಯೆ ಕಲಿಯುತ್ತಿದ್ದೇನೆ. ಇವರ ಬನಿಯನ್ ಕಂಪನಿಗೆ ರಫ್ತಿನ ಕಾಗದಪತ್ರ ತಯಾರಿಸಲು ಒಂದು ಕಂಪ್ಯೂಟರ್ ಬಂದಿದೆ. ಅದಕ್ಕೊಂದು ತಣ್ಣಗಿನ ಕೋಣೆ. ದೇವರ ಮನೆಯ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಇವರ ಸ್ನೇಹಿತರು ಜಯರಾಮನ್ ಎಂಬುವರು ಕೊಯಮತ್ತೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಅವರು ಎರಡು ಫ್ಲಾಪಿ ಕೊಟ್ಟರು. ಅದರಲ್ಲಿರುವ ಪ್ರೋಗ್ರಾಂ ನಾವು ಬರೆದುಕೊಟ್ಟಿದ್ದನ್ನು ಓದಿ ಬಾಯಲ್ಲಿ ಹೇಳುತ್ತದೆ. ಕಪ್ಪು ಪರದೆ, ಹಸಿರು ಅಕ್ಷರ, ಚಿತ್ರಗಿತ್ರ ಏನಿಲ್ಲ. ಒಂದು ಗೆರೆ ಮಿಣುಕುತ್ತ ಕಾದಿರುತ್ತದೆ. ಅಲ್ಲಿ ಇಂಗ್ಲಿಷಿನಲ್ಲಿ 'ಸೇ' ಎಂದು ಹೊಡೆದು, ಜಾಗ ಬಿಟ್ಟು, ಹೇಳಬೇಕಾದ್ದನ್ನು ಹೊಡೆದು ಎಂಟರ್ ಒತ್ತಬೇಕು. ಮೊದಲ ದಿನ ಎಷ್ಟು ಸಲ ಹೊಡೆದರೂ 'ಬ್ಯಾಡ್ ಕಮ್ಯಾಂಡ್' ಎಂದೇ ಬರುತ್ತಿತ್ತು. ಎರಡನೆಯ ಫ್ಲಾಪಿಯಲ್ಲಿದ್ದುದನ್ನು ನಾವು ಯಂತ್ರದೊಳಕ್ಕೆ ನಕಲು ಮಾಡಿರಲೇ ಇಲ್ಲ. ಮಾಡಿದ ಮೇಲೆ ಮಾತಾಡಿತು. ಗಂಡಸಿನ ದನಿ. ಬಾವಿಯೊಳಗೆ ಬಿದ್ದವನು ಮೂಗು ಹಿಡಿದುಕೊಂಡು ಕೂಗಿದ ಹಾಗೆ.

ಅತ್ತೆ ಕೇಳಿ, ಅಮ್ಮಣೀ, ಆ ಪೆಟ್ಟಿಗೆ ಒಳಗೆ ಕುಂತಿರೋನಿಗೆ ಒಂದ್ ಲೋಟ ಒಣಶುಂಠಿ ಹಾಕಿದ ಸುಕ್ಕು ಕಾಪಿ ಕೊಡು, ಪಾವಂ, ಜಲ್ದೋಷ ಹಿಡ್ದೈತೆ ಅಂದರು.

ಇಷ್ಟು ಓದುವಾಗಲೇ ನೀನು ಕೇಳಿರುತ್ತೀ, ಬಾಯಿದ್ದವಳಿಗೆ ಈ ಪೆಟ್ಟಿಗೆ ಯಾಕೆ ಅಂತ. ಬೇರೆ ದಾರಿಯಿಲ್ಲ, ಹೇಳಿಬಿಡುತ್ತೇನೆ. ಕೂತುಕೊಂಡು ಓದು.

ಗುಬ್ಬಿ ಹುಟ್ಟಿದ ವರ್ಷವೇ ನನ್ನ ದನಿ ಒಡೆಯಿತು. ಜೋಗುಳ ಹಾಡಿ ಗಂಟಲು ಕಟ್ಟಿದೆ ಎಂದು ನಾವೆಲ್ಲ ನಕ್ಕೆವು. ಅತ್ತೆ ಅತಿಮಧುರ ತೇಯ್ದು ಕೊಟ್ಟರು, ಮೆಣಸಿನ ಕಷಾಯ ಕೊಟ್ಟರು. ಹೋದ ದೀಪಾವಳಿ ಹೊತ್ತಿಗೆ ನುಂಗಲು ನೋವಾಯಿತು. ಕೊಯಮತ್ತೂರಿನಲ್ಲಿ ಡಾಕ್ಟರು ಕನ್ನಡಿ ಇಳಿಸಿ ನೋಡಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆ ರೋಗದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ನಿನಗೆ ತಿಳಿಯುತ್ತದೆ. ಗಂಟಲ ಪೆಟ್ಟಿಗೆಯನ್ನೇ ತೆಗೆಯಬೇಕಂತೆ. ತೆಗೆದರೆ ಮಗುವನ್ನು ಬೆಳೆಸಿ ದೊಡ್ಡದು ಮಾಡಬಹುದು ಎಂದರು. ಉಸಿರಾಡಲು ಕೊರಳಲ್ಲಿ ತೂತು ಇಡುತ್ತಾರೆ. ಮಾತು ಇರುವುದಿಲ್ಲ. ಬರುವ ಶುಕ್ರವಾರ, ಹದಿನೇಳನೇ ತಾರೀಕು ಬೆಳಿಗ್ಗೆ ಆರಕ್ಕೆ ಆಪರೇಷನ್.

ಇವರು ಟೇಪ್ ರೆಕಾರ್ಡರ್ ತಂದರು. ಎರಡು ಕ್ಯಾಸೆಟ್ಟಿನ ತುಂಬ ನೀನು ಹೇಳಿದ್ದ ಕಥೆಗಳನ್ನೂ ಹಾಡುಗಳನ್ನೂ ತುಂಬಿದ್ದೇನೆ. ಆದರೆ ಅಮ್ಮಾ, ಕ್ಯಾಸೆಟ್ಟಿನಲ್ಲಿ ಇರುವುದು ಆಡಿ ಮುಗಿದ ಮಾತು. ನಾಳೆ ಅವಳು ಮೆಟ್ಟಿಲಿಂದ ಬಿದ್ದರೆ? ಸ್ಕೂಲಿನಲ್ಲಿ ಯಾರೋ ಹೊಡೆದರು ಎಂದು ಬಂದರೆ? ಅಂದಿನ ಮಾತನ್ನು ಅಂದೇ ಆಡಬೇಕಲ್ಲ. ಸ್ಲೇಟಿನಲ್ಲಿ ಬರೆದು ತೋರಿಸೋಣವೆಂದರೆ ಅವಳಿಗೆ ಓದು ಬರಲು ಇನ್ನೂ ನಾಲ್ಕು ವರ್ಷ ಬೇಕು. ಅದಕ್ಕೇ ಈ ಪೆಟ್ಟಿಗೆಯ ಹುಚ್ಚು.

ಹೋದ ಭಾನುವಾರ ಕಂಪನಿಗೆ ರಜ. ನಾವೆಲ್ಲ ಹೋದೆವು. ಯಂತ್ರವನ್ನು ಮುಟ್ಟುವ ಅಧಿಕಾರ ಆಪರೇಟರ್ ರುಕ್ಮಣಿಗೆ ಮಾತ್ರ. ಪಾಪ, ಆ ಹುಡುಗಿ ನಮಗಾಗಿಯೇ ಬಂದಿದ್ದಳು. ಅವಳಿಗೆ ಕನ್ನಡ ಬಾರದು. ಹಾಗಾಗಿ ದಿನನಿತ್ಯ ಗುಬ್ಬಿಗೆ ಹೇಳುವ ಹತ್ತು ಮಾತನ್ನು ಹಿಂದಿನ ದಿನವೇ ತಮಿಳು ಲಿಪಿಯಲ್ಲಿ ಬರೆದು ಕಳಿಸಿದ್ದೆ. ಮೊದಲನೆಯದು 'ಗುಬ್ಬಿ, ಬಾ'.

ಗುಬ್ಬಿಯನ್ನು ಬಾಗಿಲ ಹತ್ತಿರ ನಿಲ್ಲಿಸಿ ನಾನು ಯಂತ್ರದ ಪಕ್ಕ ಬಾಯಿ ಮುಚ್ಚಿಕೊಂಡು ನಿಂತೆ. ಇನ್ನು ಮೇಲೆ ಹೀಗೆಯೇ ತಾನೇ ನಿಲ್ಲಬೇಕು ಎಂದು. ರುಕ್ಮಣಿ ನನ್ನ ಚೀಟಿ ನೋಡಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಎಂಟರ್ ಒತ್ತಿದಳು. ಪೆಟ್ಟಿಗೆ ಹೇಳಿತು: ಕುಪ್ಪಿ, ಪಾ.

ತಮಿಳಿನಲ್ಲಿ ಗಕ್ಕೂ ಕಕ್ಕೂ ಒಂದೇ ಅಕ್ಷರ, ಬಕ್ಕೂ ಪಕ್ಕೂ ಒಂದೇ. ಓದುವವರು ಸಂದರ್ಭ ನೋಡಿ ಓದಿಕೊಳ್ಳುತ್ತಾರೆ. ಬಿಎಸ್ಸಿ ಓದಿದ ನನಗೆ ಅದು ಹೊಳೆಯಲೇ ಇಲ್ಲ. ರುಕ್ಮಣಿ ತನ್ನ ಪಾಡಿಗೆ, 'ನೀಂಗ ಎಳುದಿನಪಡಿದಾನೇಕ್ಕಾ ಅಡಿಚ್ಚೇನ್', ನೀವು ಬರೆದ ಹಾಗೇ ತಾನೇ ಹೊಡೆದೆ ಎಂದು ಅಳುಮುಖ ಮಾಡಿದಳು. ನಮ್ಮ ಮನೆಯಲ್ಲಿ ಹಾಲಿನ ಬಾಟಲಿಗೆ ಅತ್ತೆ ಅನ್ನುವುದು ಕುಪ್ಪಿ. ಗುಬ್ಬಿ ಏನು ಮಾಡಿದಳು ಗೊತ್ತೇ? ಅತ್ತೆಯ ಚೀಲದಿಂದ ತನ್ನ ಬಾಟಲಿ ಎಳೆದುಕೊಂಡು ಗುಡುಗುಡು ಓಡಿಬಂದಳು. ನನ್ನನ್ನು ದಾಟಿ ಹೋದಳು. ಪೆಟ್ಟಿಗೆಗೆ ಬಾಟಲಿ ಒತ್ತಿಹಿಡಿದು, ತಗೋ, ಪಾಲು ಕುಡಿ, ಅಳಬೇಡ ಅಂದಳು.

ಎಲ್ಲರೂ ನಕ್ಕೆವು. ಅತ್ತೆ, ಪಾರಮ್ಮಾ, ಎನ್ ತಂಗಂ, ನೋಡು ನನ್ನ ಚಿನ್ನಾನ, ಅವನ ಹಸಿವು ಇವಳಿಗೇ ಗೊತ್ತಾಯ್ತು ಅಂದರು. ನಾನು ಗಂಟಲು ಉರಿಯುವವರೆಗೂ ನಕ್ಕೆ. ನಕ್ಕು ಮುಗಿದ ಮೇಲೆ ನೆನಪಾಯಿತು. ಇದೇ ಆಪರೇಷನ್ ಆದ ಒಬ್ಬರನ್ನು ಆಸ್ಪತ್ರೆಯಲ್ಲಿ ಕಂಡಿದ್ದೆ. ಏನೋ ತಮಾಷೆಗೆ ನಕ್ಕರು, ಹಲ್ಲು ಕಂಡವು, ಭುಜ ಅಲುಗಿದವು, ಸದ್ದು ಮಾತ್ರ ಇರಲಿಲ್ಲ. ನಗುವೂ ಹೋಗುತ್ತದೆ ಎಂದು ಡಾಕ್ಟರು ನನಗೆ ಹೇಳಿರಲಿಲ್ಲ.

ಆಮೇಲೆ ರುಕ್ಮಣಿಯನ್ನು ಕೇಳಿಕೊಂಡು ನಾನೇ ಕೂತು ಹೊಡೆದೆ. ಇಂಗ್ಲಿಷಿನಲ್ಲಿ ಇದ್ದ ಹಾಗೆ ಬರೆದರೆ 'ಗಬ್ಬಿ' ಎಂದಿತು. ಎರಡು ಓ ಹಾಕಿದರೆ 'ಗೂಬೀ' ಎಂದಿತು. ಅತ್ತೆ ಕೆನ್ನೆ ಬಡಿದುಕೊಂಡು, ಅಯ್ಯೋ ಸಾಮಿ, ಗೂಬೆ ಅನ್ನಿಸಬೇಡ ಮಗೂಗೆ ಎಂದರು. ಇಪ್ಪತ್ತು ಸಲ ತಿದ್ದಿದ ಮೇಲೆ ಗುಬ್ಬಿಗೆ ಹತ್ತಿರವಾದ ಒಂದು ಸದ್ದು ಬಂತು. ಆಗ ಅವಳು ಓಗೊಟ್ಟಳು, ಪೆಟ್ಟಿಗೆಯ ಹಿಂದೆ ಹೋಗಿ ವೈರುಗಳ ನಡುವೆ ಇಣುಕಿ, ಮಾಮಾ ಎಲ್ಲಿ ಅಂದಳು. ನಾನು ಎದೆ ತಟ್ಟಿಕೊಂಡು ತೋರಿಸಿದೆ, ನಾನು, ನಾನು ಎಂದು. ಅವಳು ನನ್ನ ಬಾಯಿ ನೋಡಿದಳು. ತುಟಿಗಳನ್ನು ಎರಡು ಬೆರಳಲ್ಲಿ ಬಿಡಿಸಿ ಒಳಗೆ ನೋಡಿದಳು. ಆಮೇಲೆ ಅತ್ತೆಯ ಸೆರಗಿನೊಳಗೆ ಅಡಗಿಕೊಂಡಳು.

ಆ ಯಂತ್ರವನ್ನು ಮನೆಗೆ ತರುವಂತಿಲ್ಲ. ಯಜಮಾನರು ಒಳ್ಳೆಯವರು, ಭಾನುವಾರ ಬಂದು ಬಳಸಿಕೊಳ್ಳಿ ಅಂದಿದ್ದಾರೆ. ವಾರಕ್ಕೊಮ್ಮೆ, ಹತ್ತರಿಂದ ಹನ್ನೆರಡರವರೆಗೆ ಮಾತಾಡುವ ತಾಯಿ ನಾನು.

ಅಮ್ಮಾ, ಈಗ ನಮ್ಮಿಬ್ಬರ ವಿಷಯ. ಬಾಣಂತನಕ್ಕೆ ಮೈಸೂರಿಗೆ ಬಾ ಎಂದು ನೀನು ಕರೆದೆ. ಏಳನೇ ತಿಂಗಳಲ್ಲಿ ಕರೆದುಕೊಂಡು ಹೋಗಲು ನೀನೇ ಬರುವುದಾಗಿ ಹೇಳಿದೆ. ನಾನು ಬರಲಿಲ್ಲ. ಬಸ್ಸಿನ ಪ್ರಯಾಣ ಆಗದು ಎಂದು ಕಾರಣ ಹೇಳಿದೆ. ಅದು ಕಾರಣವಲ್ಲ. ಮದುವೆಯಲ್ಲಿ ನೀನು ಅತ್ತೆಯ ಮಾತು ಕೇಳಿ ಅವರ ಎದುರಿಗೇ, ಇದು ಕನ್ನಡವಾ, ತಮಿಳಿಗೆ ಒಗ್ಗರಣೆ ಹಾಕಿದ ಹಾಗಿದೆ ಅಂದಿದ್ದೆ. ಅವರು ನಕ್ಕುಬಿಟ್ಟರು. ನನಗೆ ಅದು ಮುಳ್ಳಾಗಿ ಉಳಿಯಿತು. ಸೇಡು ತೀರಿಸಿಕೊಂಡೆ. ಮಗಳ ಮೊದಲ ಬಾಣಂತನ ಮಾಡಲಿಲ್ಲ ಎಂದು ನಿನ್ನ ಬೀದಿಯವರೆಲ್ಲ ಆಡಿಕೊಳ್ಳುತ್ತಾರೆಂದು ಗೊತ್ತಿದ್ದೇ ಹಾಗೆ ಮಾಡಿದೆ. ಅವತ್ತು ಫೋನಿನಲ್ಲಿ ನೀನು, ಇನ್ನು ಮೇಲೆ ನಿನ್ನ ದನಿ ನನ್ನ ಕಿವಿಗೆ ಬೀಳೋದು ಬೇಡ ಅಂದೆ. ನೀನೇ ಫೋನ್ ಇಟ್ಟೆ.

ಆ ಮಾತು ಫಲಿಸಿತು ಎಂದು ದಯವಿಟ್ಟು ತಿಳಿಯಬೇಡ. ತಾಯಿಯ ಬೈಗುಳ ಹಾಗೆಲ್ಲ ತಟ್ಟುವುದಿದ್ದರೆ ನಾನು ಏಳನೇ ಕ್ಲಾಸಿನಲ್ಲೇ ಹಾಳಾಗಿ ಹೋಗಿರುತ್ತಿದ್ದೆ. ಆದರೆ ನಿನ್ನನ್ನು ನಾನು ಬಲ್ಲೆ. ಆಪರೇಷನ್ ಆದ ಮೇಲೆ ಯಾರ ಬಾಯಿಂದಲೋ ಕೇಳಿದರೆ ನೀನು ಆ ಒಂದು ಮಾತನ್ನು ಸಾಯುವವರೆಗೂ ನುಂಗುತ್ತ ಕೂರುತ್ತೀ. ಅದಕ್ಕೇ ನಾನು ಆಪರೇಷನ್ನಿಗೆ ಹೋಗುವುದಕ್ಕೆ ಮುಂಚೆ ಒಂದು ಸಲ ನನ್ನ ದನಿ ನಿನ್ನ ಕಿವಿಗೆ ಬೀಳಲಿ. ಒಡೆದ ದನಿಯೇ ಸರಿ, ನನ್ನದು.

ಗುರುವಾರ ಬೆಳಿಗ್ಗೆ ಆಸ್ಪತ್ರೆಗೆ ಸೇರುತ್ತೇನೆ. ವಾರ್ಡಿನ ಫೋನ್ ನಂಬರನ್ನು ಕವರಿನ ಒಳಮಗ್ಗುಲಲ್ಲಿ ಇವರು ಬರೆದಿದ್ದಾರೆ. ಎಷ್ಟು ಹೊತ್ತಾದರೂ ಕರೆಯುತ್ತೇನೆಂದು ನರ್ಸಮ್ಮ ಒಪ್ಪಿದ್ದಾರೆ. ನಾನು ಅಲ್ಲೇ ಬೆಂಚಿನ ಮೇಲೆ ಕೂತಿರುತ್ತೇನೆ.

ನಿನ್ನ ಮಗಳು,
ಈಶ್ವರಿ

ತಾ.ಕ.: ಒಂದನ್ನು ಮುಚ್ಚಿಟ್ಟಿದ್ದೆ. ಹೋದ ಭಾನುವಾರ ಹನ್ನೊಂದೂವರೆಗೆ ನಿನಗೆ ಒಂದು ಫೋನ್ ಬಂತಲ್ಲ, ಅದು ನಾನೇ. ಇವರು ಮಗುವನ್ನು ಹೊರಗೆ ಕರೆದುಕೊಂಡು ಹೋಗಿದ್ದರು. ನನ್ನ ಬಾಯಿಂದ ಮಾತಾಡುವ ಧೈರ್ಯ ಇರಲಿಲ್ಲ. ಹೆತ್ತವಳಿಗಾದರೂ ಆ ಪೆಟ್ಟಿಗೆಯಲ್ಲಿ ನಾನು ಸಿಗುತ್ತೇನೋ ನೋಡೋಣ ಎಂದು ಕಂಪನಿಯ ಫೋನಿನ ರಿಸೀವರನ್ನು ಅದಕ್ಕೆ ಹಿಡಿದು 'ಅಮ್ಮಾ' ಎಂದು ಹೊಡೆದೆ. ನೀನು, 'ಹಾಡುಹಗಲೇ ಕುಡಿದು ಫೋನ್ ಮಾಡ್ತೀಯಲ್ಲೋ, ನಿಂಗೆ ಅಮ್ಮ ಅನ್ನೋಳು ಇಲ್ವೇನೋ?' ಎಂದು ಬೈದೆ. ಎರಡು ವರ್ಷದ ಮೇಲೆ ನಿನ್ನ ದನಿ ಕೇಳಿದ ಖುಷಿಗೆ ಅಕ್ಷರಗಳು ತಪ್ಪಿದವು. ಸರಿಯಾಗಿ ಹೊಡೆದು ಮುಗಿಸುವಷ್ಟರಲ್ಲಿ ನೀನು ಇಟ್ಟುಬಿಟ್ಟಿದ್ದೆ. ಆಮೇಲೆ ಬರಿಯ ಲೈನಿಗೆ ಪೆಟ್ಟಿಗೆ ಹೇಳಿತು: ಇದ್ದಾಳೆ.

ಫೋನ್ ಮಾಡಮ್ಮ. ಏನೂ ಮಾತಾಡದಿದ್ದರೂ ಸರಿ, ಬರೀ ಕೇಳಿಸಿಕೋ. ಶುಕ್ರವಾರ ಬೆಳಗಾಗುವುದರೊಳಗೆ ಮಾಡು.