ಶುಕ್ರವಾರದ ಮೂರೂ ಇಪ್ಪತ್ತರ ಬಸ್ಸು

ಸೆಪ್ಟೆಂಬರ್ 14, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಐದು ವಾರವಾಯಿತು. ಅಷ್ಟೂ ದಿನ ಅದು ಕಚೇರಿಯಲ್ಲಿ ನನ್ನ ಮೇಜಿನ ಮೇಲೆ, ಉದ್ದನೆಯ ಸ್ಟೀಲ್ ಸ್ಕೇಲಿನ ಕೆಳಗೆ ಇತ್ತು. ಸ್ಕೇಲು ಎತ್ತಿದಾಗಲೆಲ್ಲ ನಿನ್ನ ಅಕ್ಷರ ಕಾಣುತ್ತಿತ್ತು. ಒಂದು ಗೆರೆ ಎಳೆದು ಮತ್ತೆ ಮುಚ್ಚುತ್ತಿದ್ದೆ. ಪುರುಸೊತ್ತಿರಲಿಲ್ಲ ಎಂದು ಬರೆದರೆ ನೀನು ನಂಬುವವಳಲ್ಲ. ಏನು ಬರೆಯಬೇಕೆಂದು ಗೊತ್ತಿರಲಿಲ್ಲ, ಅಷ್ಟೇ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಊಟವಾಯಿತಾ, ನೆಗಡಿ ಕಡಿಮೆಯಾಯಿತಾ ಎನ್ನುವಲ್ಲಿಗೇ ನಿಂತುಬಿಡುತ್ತೇವೆ. ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಬರೆಯಲು ಕಲಿಸಿದ ಪತ್ರ ಒಂದೇ, ಜ್ವರವೆಂದು ಎರಡು ದಿನ ರಜೆ ಕೇಳುವುದು. ಇದು ಎಲ್ಲಾದರೂ ಹಾಗೆ ಕೇಳಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನೀನು ಬರೆದದ್ದು ಇಷ್ಟು: "ನನ್ನ ಮಾತು ಕೇಳಬೇಕು ಅಂತೇನಿಲ್ಲ. ಆದರೆ ಗುಂಡುಸೂಜಿಯನ್ನ ಬಸ್ಸಿಗೆ ಹಾಕಬೇಡ." ಇವರು ಅದನ್ನು ಓದಿ, "ಇದು ಕೇಳು ಅಂತಾನಾ, ಕೇಳಬೇಡ ಅಂತಾನಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಗುಂಡುಸೂಜಿಗೆ ಮೊನ್ನೆ ಐದು ತುಂಬಿತು. ತೆಳ್ಳನೆಯ ಮೈ, ಅದರ ಮೇಲೊಂದು ದುಂಡು ತಲೆ. ಹುಟ್ಟಿದ ವಾರ ಅವಳಪ್ಪ ಕೂಗಿದ ಹೆಸರಿಗೆ ಇನ್ನೂ ಮೋಸ ಮಾಡಿಲ್ಲ. ಇಲ್ಲಿಯವರೆಗೆ ಬಸ್ಸಿನ ಮಾತೇ ಇರಲಿಲ್ಲ. ಇವರು ಬೇಕರಿಯಲ್ಲಿ ಬೆಳಗಿನ ಬ್ರೆಡ್ಡು ಮುಗಿಸಿ, ಹುಬ್ಬಿನಲ್ಲಿ ಮೈದಾ ಹಿಟ್ಟು ಇಟ್ಟುಕೊಂಡೇ ಬಂದು, ಅವಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಮಧ್ಯಾಹ್ನ ಕರೆತರುತ್ತಿದ್ದರು. ಈಗ ಬೇಕರಿ ಊರಿನ ಆಚೆ ಬದಿಗೆ ಹೋಗಿದೆ. ಬರುವ ತಿಂಗಳಿಂದ ಇವರದು ಹಗಲು ಪಾಳಿ, ಏಳಕ್ಕೆ ಹೊರಟರೆ ಬರುವುದು ಸಂಜೆ ಆರಕ್ಕೆ. ನನ್ನ ನಕ್ಷೆ ಕಚೇರಿ ಒಂದು ದಿಕ್ಕು, ಅವಳ ಶಾಲೆ ಇನ್ನೊಂದು ದಿಕ್ಕು. ಶಾಲೆಯ ಬಸ್ಸು ಮಾತ್ರ ನಮ್ಮ ಬೀದಿಯ ತುದಿಗೇ ಬರುತ್ತದೆ. ಬೆಳಿಗ್ಗೆ ಏಳೂ ಐವತ್ತು, ಮಧ್ಯಾಹ್ನ ಮೂರೂ ಇಪ್ಪತ್ತು.

ಇವರಿಗೆ ಇದರಲ್ಲಿ ಯೋಚಿಸುವುದೇ ಇರಲಿಲ್ಲ. "ಹೋಗ್ತಾಳೆ, ಬರ್ತಾಳೆ. ಊರಿನ ಮಕ್ಕಳೆಲ್ಲ ಹೋಗಲ್ವಾ?" ಎಂದರು. ನಾನು ನೋಡೋಣ ಎಂದೆ. ಮರುದಿನವೂ ನೋಡೋಣ ಎಂದೆ. ಮೂರನೆಯ ದಿನ ಇವರು, "ನೀನು ಪೆನ್ಸಿಲ್ ಚೂಪು ಮಾಡ್ತಾನೇ ಇರು, ಅವಳು ಕಾಲೇಜಿಗೆ ಹೋಗಿರ್ತಾಳೆ" ಎಂದು ಮಗ್ಗುಲು ಬದಲಿಸಿ ಮಲಗಿದರು.

ನನ್ನ ಕೆಲಸದ ಚಾಳಿ ನಿನಗೆ ಗೊತ್ತು. ಯಾರೋ ಅಳೆದು ಕೊಟ್ಟ ಬೀದಿಯನ್ನು ನಾನು ನಂಬುವುದಿಲ್ಲ. ಒಂದು ಸಲ ಹೋಗಿ ನಡೆದ ಮೇಲೆಯೇ ಪೆನ್ಸಿಲ್ ಗೆರೆಯ ಮೇಲೆ ಶಾಯಿ ಎಳೆಯುವುದು. ಅದಕ್ಕೇ ಒಂದು ಶನಿವಾರ ಅಳತೆಯ ಗಾಲಿ ತಳ್ಳಿಕೊಂಡು ಬಸ್ಸಿನ ದಾರಿಯನ್ನು ನಡೆದೆ. ಹದಿನಾಲ್ಕು ತಿರುವು, ಹನ್ನೊಂದು ನಿಲುಗಡೆ. ಟ್ರೇಸಿಂಗ್ ಕಾಗದದ ಮೇಲೆ ಎಲ್ಲವನ್ನೂ ಬರೆದೆ. ಯಾವ ಮೂಲೆಯಲ್ಲಿ ಗೋಡೆ ಅಡ್ಡ ಬರುತ್ತದೆ, ಎಲ್ಲಿ ಲಾರಿಗಳು ಹಿಮ್ಮುಖವಾಗಿ ಬರುತ್ತವೆ, ಎಲ್ಲವೂ ಅದರಲ್ಲಿತ್ತು. ನೋಡಿದರೆ ಚೆಂದದ ನಕ್ಷೆ. ಅದರಿಂದ ನನಗೆ ಯಾವ ಉತ್ತರವೂ ಸಿಗಲಿಲ್ಲ.

ಆಮೇಲೆ ಶಾಲೆಯವರು, ತಾಯಂದಿರು ಬೇಕಾದರೆ ಒಂದು ದಿನ ಮಗುವಿನ ಜೊತೆ ಬಸ್ಸಿನಲ್ಲಿ ಬಂದು ನೋಡಬಹುದು ಎಂದರು. ಕಳೆದ ಸೋಮವಾರ ಹೋದೆ.

ಅಕ್ಕ, ಆ ಬೆಳಗನ್ನು ನಿನಗೆ ಹೇಗೆ ಹೇಳಲಿ. ಮಂಜು ಇನ್ನೂ ಕರಗಿರಲಿಲ್ಲ. ಬೀದಿ ದೀಪ ಆರಿಸಲು ಯಾರೋ ಮರೆತಿದ್ದರು. ಬಸ್ಸು ಮೊದಲು ಸದ್ದಾಗಿ ಬಂತು, ಆಮೇಲೆ ಎರಡು ಮಸುಕು ದೀಪಗಳಾಗಿ, ಕೊನೆಗೆ ಬಸ್ಸಾಗಿ. ಗುಂಡುಸೂಜಿ ಕಿಟಕಿಯ ಪಕ್ಕ ಕುಳಿತು ಗಾಜಿನ ಮೇಲೆ ಉಸಿರು ಬಿಟ್ಟು, ಅದರಲ್ಲಿ ಬೆರಳಿನಿಂದ ಮನೆ ಬರೆದಳು. ಮನೆ ಮಾಯವಾಯಿತು. ಮತ್ತೆ ಉಸಿರು ಬಿಟ್ಟಳು, ಮನೆ ಬಂತು. ಆ ಮನೆಯೊಳಗಿನಿಂದ ಊರು ಹಾದುಹೋಗುತ್ತಿತ್ತು: ಷಟರ್ ಎತ್ತುತ್ತಿದ್ದ ಔಷಧಿ ಅಂಗಡಿಯವನು, ಪಾಳಿ ಮುಗಿಸಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ ನರ್ಸು, ಸೇತುವೆ, ಸೇತುವೆಯ ಕೆಳಗೆ ಅಲುಗಾಡದ ನೀರು. ಇಪ್ಪತ್ತು ವರ್ಷದಿಂದ ನಾನು ಕಾಗದದ ಮೇಲೆ ಎಳೆದ ಬೀದಿಗಳು ಇವು. ನಾನೇ ಎಳೆದ ಗೆರೆಯೊಳಗೆ ಇಳಿದು, ಅದರ ಮೇಲೆ ತೇಲಿಕೊಂಡು ಹೋಗುತ್ತಿರುವ ಹಾಗಿತ್ತು.

"ಅಮ್ಮ, ಎಲ್ಲರೂ ಇಳಿದ ಮೇಲೆ ಬಸ್ಸು ಎಲ್ಲಿಗೆ ಹೋಗುತ್ತೆ?" ಎಂದಳು.

"ಅದರ ಮನೆಗೆ."

"ಅಲ್ಲಿ ಅದನ್ನ ಯಾರು ಇಳಿಸಿಕೊಳ್ತಾರೆ?"

ಬಸ್ಸಿನ ಮನೆಯನ್ನು ನಾನು ನೋಡಿದ್ದೇನೆ ಎಂದು ಅವಳಿಗೆ ಹೇಳಲಿಲ್ಲ.

ನಿನಗೆ ಗೊತ್ತಲ್ಲ. ನನಗೆ ಆರು, ನಿನಗೆ ಹನ್ನೊಂದು. ಶಾಲೆಯ ಬಸ್ಸಿಗೆ ನನ್ನ ಕೈ ಹಿಡಿದು ಹತ್ತಿಸುವುದು, ಕೈ ಹಿಡಿದು ಇಳಿಸುವುದು ನಿನ್ನ ಕೆಲಸ. ಆ ದಿನ ನಾನು ಹಿಂದಿನ ಸೀಟಿನ ಕೆಳಗೆ ನಿದ್ದೆ ಹೋದೆ, ಎದುರುಮನೆಯವರ ಜೊತೆ ಮುಂದಿನ ಬಾಗಿಲಿಂದ ಇಳಿದಿರಬೇಕು ಎಂದುಕೊಂಡು ನೀನು ಇಳಿದುಬಿಟ್ಟೆ, ಬಸ್ಸು ನನ್ನನ್ನು ಡಿಪೋಗೆ ಒಯ್ದಿತು. ಮನೆಯಲ್ಲಿ ಹೇಳುವ ಕಥೆ ಇದು. ಎರಡು ಗಂಟೆಯ ನಂತರ ಬಸ್ ತೊಳೆಯುವವನು ನನ್ನನ್ನು ಕಂಡು, ಸೈಕಲ್ಲಿನ ಮೇಲೆ ಕೂರಿಸಿಕೊಂಡು ಮನೆಗೆ ತಂದ. ಅಮ್ಮ ನನ್ನನ್ನು ಬೈಯಲಿಲ್ಲ, ನಿನ್ನನ್ನು ಹೊಡೆಯಲೂ ಇಲ್ಲ. "ನಿನ್ನ ಕೈಗೆ ಮಗು ಕೊಡೋ ಹಾಗಿಲ್ಲ" ಎಂದಳು, ಅಷ್ಟೇ. ಒಲೆ ಆರಿಸಲು ಹೋದಳು.

ಅಮ್ಮ ಅದನ್ನು ಮಾರನೆಯ ದಿನವೇ ಮರೆತಿದ್ದಳೇನೋ. ನೀನು ಮರೆಯಲಿಲ್ಲ. ಅಲ್ಲಿಂದ ಮುಂದೆ ಯಾರ ಮಗುವನ್ನಾದರೂ ನೀನು ಎತ್ತಿಕೊಂಡದ್ದು ನಾನು ನೋಡಿಲ್ಲ. ಗುಂಡುಸೂಜಿ ಹುಟ್ಟಿದಾಗ ಆಸ್ಪತ್ರೆಗೆ ಬಂದವಳು ತೊಟ್ಟಿಲ ಕಂಬಿ ಹಿಡಿದು ನಿಂತೆ. ಎತ್ತಿಕೊಳ್ಳೇ ಎಂದರೆ, "ನನ್ನ ಕೈ ತಣ್ಣಗಿದೆ" ಎಂದೆ. ಹೋದ ಸಲ ನೀನು ಬಂದಾಗ ನಾನು ಹಾಲು ತರಲು ಕೆಳಗಿನ ಅಂಗಡಿಗೆ ಹೋಗಿದ್ದೆ. ನಾಲ್ಕೇ ನಿಮಿಷ. ಬರುವಷ್ಟರಲ್ಲಿ ನೀನು ಬಾಗಿಲು ಪೂರ್ತಿ ತೆರೆದು, ಹೊಸ್ತಿಲ ಮೇಲೆ ನಿಂತು, "ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ನನ್ನ ಮೇಲೆ ರೇಗಿದೆ. ಗುಂಡುಸೂಜಿ ನಿನ್ನ ಹಿಂದೆ ನೆಲದ ಮೇಲೆ ಕುಳಿತು ಏನೋ ಗೀಚುತ್ತಿದ್ದಳು. ನಿನ್ನ ಹಣೆಯ ಮೇಲೆ ಬೆವರಿತ್ತು.

ಬಸ್ಸಿನ ಮಾತು ಅರ್ಧಕ್ಕೆ ಬಿಟ್ಟೆ. ಆ ಬಸ್ಸಿಗೆ ಒಬ್ಬಳು ಆಯಾ ಇದ್ದಾಳೆ. ದೊಡ್ಡ ಆಳು, ಕೊರಳಲ್ಲಿ ಸೀಟಿ. ಶಾಲೆ ಬಂದಾಗ ಬಾಗಿಲಿಗೆ ಅಡ್ಡ ನಿಂತು ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಾಳೆ. ಗುಂಡುಸೂಜಿ ತರಗತಿಯಲ್ಲಿ ಕಲಿತ ಹಾಗೆ ಎದ್ದು ನಿಂತು "ಪ್ರೆಸೆಂಟ್ ಮಿಸ್" ಎಂದಳು.

"ಪ್ರೆಸೆಂಟು ಗಿಸೆಂಟು ಎಲ್ಲ ಒಳಗೆ, ನಿಮ್ಮ ಮಿಸ್ಸಿಗೆ. ನನ್ನ ಬಸ್ಸಲ್ಲಿ ಕರೆದರೆ ಓ ಅನ್ನಬೇಕು. ಹೊಟ್ಟೆಯಿಂದ ಬರಬೇಕು. ಎಲ್ಲಿ, ಅನ್ನು?"

ಗುಂಡುಸೂಜಿ ನನ್ನ ಮುಖ ನೋಡಿದಳು. ಆಮೇಲೆ ಕಣ್ಣು ಮುಚ್ಚಿ "ಓ" ಎಂದಳು. ಇಡೀ ಬಸ್ಸು ನಕ್ಕಿತು. ಅವಳೂ ನಕ್ಕಳು. ಇಳಿದು ಹೋದಳು, ಅಕ್ಕ, ತಿರುಗಿಯೂ ನೋಡದೆ.

ಖಾಲಿ ಬಸ್ಸಿನಲ್ಲಿ ನಾನು ಕುಳಿತಿದ್ದೆ, ಕಚೇರಿಯ ದಾರಿಯಲ್ಲಿ ಇಳಿಸುತ್ತೇನೆ ಎಂದಿದ್ದ ಡ್ರೈವರು. ಆಯಾ ಹಿಂದಿನ ಸೀಟಿನಿಂದ ಶುರುಮಾಡಿ ಒಂದೊಂದು ಸೀಟಿನ ಮುಂದೆಯೂ ಮೊಣಕಾಲೂರಿ, ಕೆಳಗೆ ಕೈಯಾಡಿಸುತ್ತ ಬಂದಳು. ಅವಳ ಮೊಣಕಾಲು ನೋಯುತ್ತಿದ್ದುದು ಕಾಣುತ್ತಿತ್ತು.

"ಎಲ್ಲರೂ ಓ ಅಂದು ಇಳಿದರಲ್ಲ, ಮತ್ತೆ ಯಾಕೆ ಬಗ್ಗಿ ನೋಡ್ತೀರಿ?" ಎಂದು ಕೇಳಿದೆ.

"ಒಬ್ಬರ ಓ ಇನ್ನೊಬ್ಬರು ಅಂದುಬಿಡ್ತಾರೆ, ಮೇಡಂ. ಸ್ನೇಹ ಜಾಸ್ತಿ."

"ನಿದ್ದೆ ಹೋಗಿರ್ತಾರಾ?"

"ನಿದ್ದೆ ಹೋದವರು ಸುಲಭ. ಕಾಲು ಹೊರಗೆ ಚಾಚಿರ್ತಾರೆ, ಬಾಯಿ ತೆರೆದಿರ್ತಾರೆ. ಬಚ್ಚಿಟ್ಟುಕೊಂಡವರೇ ಕಷ್ಟ. ಅವರು ಮುದುರಿಕೊಂಡು ಉಸಿರು ಬಿಗಿಹಿಡಿದಿರ್ತಾರೆ."

"ಯಾಕೆ ಬಚ್ಚಿಟ್ಟುಕೊಳ್ತಾರೆ?"

"ಇನ್ಯಾಕೆ? ಯಾರಾದರೂ ಹುಡುಕಲಿ ಅಂತ." ನನ್ನ ಸೀಟಿನ ಕೆಳಗೂ ಕೈಯಾಡಿಸಿ ಎದ್ದಳು. "ಹುಡುಕೋರು ಸ್ವಲ್ಪ ಅಳಲಿ ಅಂತಾನೂ ಇರುತ್ತೆ. ಮಕ್ಕಳು ಅಂದರೆ ಏನಂದುಕೊಂಡಿರಿ?"

ಆಮೇಲೆ ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಗಾಜಿನ ಮೇಲೆ ಗುಂಡುಸೂಜಿಯ ಬೆರಳಿನ ಗುರುತು ಇನ್ನೂ ಇತ್ತು. ಯಾವ ತಿರುವು ಬಂತು, ಯಾವುದು ಹೋಯಿತು ತಿಳಿಯಲಿಲ್ಲ. ನಾನೇ ನಕ್ಷೆ ಬರೆದ ದಾರಿಯಲ್ಲಿ, ನನ್ನ ಕಚೇರಿಯನ್ನು ದಾಟಿ ಎರಡು ನಿಲುಗಡೆ ಮುಂದೆ ಹೋಗಿ ಇಳಿದೆ. ಹಿಂದಕ್ಕೆ ನಡೆದು ಬಂದೆ. ತಡವಾಗಿ ಬಂದದ್ದಕ್ಕೆ ನಮ್ಮ ಹಿರಿಯ ನಕ್ಷೆಗಾರರು ಕನ್ನಡಕದ ಮೇಲಿಂದ ನೋಡಿ, "ದಾರಿ ತಪ್ಪಿತಾ, ತಾಯಿ?" ಎಂದರು. ಹೌದು ಎಂದೆ. ಅವರು ತಮಾಷೆ ಎಂದುಕೊಂಡರು.

ಅಂದು ಸಂಜೆ ಶಾಲೆಯ ಅರ್ಜಿ ತುಂಬಿದೆ. ಗುಂಡುಸೂಜಿ ಒಂದನೇ ತಾರೀಖಿನಿಂದ ಬಸ್ಸಿನಲ್ಲಿ ಹೋಗುತ್ತಾಳೆ. ನಿನ್ನ ಮಾತು ಮೀರಿದ್ದೇನೆ. ಸರಿಯೋ ತಪ್ಪೋ ನನಗೂ ಪೂರ್ತಿ ಗೊತ್ತಿಲ್ಲ. ಹೆದರಿಕೆ ಹೋಗಿಲ್ಲ, ಜೊತೆಗೇ ಇದೆ. ಆದರೆ ಆ ಆಯಾ ಮೊಣಕಾಲೂರುವುದನ್ನು ಕಣ್ಣಾರೆ ನೋಡಿದೆನಲ್ಲ, ಶಾಯಿ ಎಳೆಯಲು ನನಗೆ ಅಷ್ಟು ಸಾಕಾಯಿತು.

ಅರ್ಜಿಯಲ್ಲಿ ಒಂದು ಜಾಗ ಉಳಿದಿದೆ. ಚಿಕ್ಕ ಮಕ್ಕಳನ್ನು ಮಧ್ಯಾಹ್ನ ಯಾರ ಕೈಗೆ ಕೊಡಬೇಕು ಎಂದು ದಿನದಿನಕ್ಕೂ ಬರೆದುಕೊಡಬೇಕು. ಅಲ್ಲಿ ಹೆಸರಿರುವವರು ನಿಲುಗಡೆಯಲ್ಲಿ ಇಲ್ಲದಿದ್ದರೆ ಮಗುವನ್ನು ಇಳಿಸುವುದಿಲ್ಲ, ಶಾಲೆಗೇ ವಾಪಸು ಒಯ್ಯುತ್ತಾರೆ. ಸೋಮವಾರದಿಂದ ಬುಧವಾರದವರೆಗೆ ಮಧ್ಯಾಹ್ನದ ಮೇಲೆ ಮನೆಯಲ್ಲೇ ನಕ್ಷೆ ಮಾಡಲು ನನಗೆ ಒಪ್ಪಿಗೆ ಸಿಕ್ಕಿದೆ. ಗುರುವಾರ ಇವರಿಗೆ ರಜೆ. ಶುಕ್ರವಾರ ಯಾರೂ ಇಲ್ಲ. ನಿನ್ನ ಗ್ರಂಥಾಲಯಕ್ಕೆ ಶುಕ್ರವಾರ ರಜೆ. ರೈಲಿನಲ್ಲಿ ಒಂದೂವರೆ ಗಂಟೆ. ಊಟ ಮುಗಿಸಿ ಹೊರಟರೂ ಮೂರೂ ಇಪ್ಪತ್ತಕ್ಕೆ ಬೀದಿಯ ತುದಿಯಲ್ಲಿ ಇರಬಹುದು. ಅಲ್ಲಿ ಒಂದು ಕಲ್ಲಿನ ಕಟ್ಟೆ ಇದೆ, ಆ ಹೊತ್ತಿಗೆ ನೆರಳಿರುತ್ತದೆ.

ಶುಕ್ರವಾರದ ಮುಂದೆ ಪೆನ್ಸಿಲಿನಲ್ಲಿ "ದೊಡ್ಡಮ್ಮ" ಎಂದು ಬರೆದಿದ್ದೇನೆ. ನೀನು ಹೂಂ ಎಂದರೆ ಶಾಯಿಯಲ್ಲಿ ಬರೆಯುತ್ತೇನೆ.

ದೊಡ್ಡಮ್ಮ ಬರ್ತಾಳಾ ಎಂದು ಗುಂಡುಸೂಜಿ ದಿನಾ ಕೇಳುತ್ತಾಳೆ. ನಿನಗೆ ಕೊಡಲು ಒಂದು ಚಿತ್ರ ಬರೆದಿದ್ದಾಳೆ, ಇದರ ಜೊತೆ ಇಟ್ಟಿದ್ದೇನೆ. ಬಸ್ಸಿಗಿಂತ ನೀನೇ ಎತ್ತರ ಇದ್ದೀಯ. ಇವರು ನಿನಗಾಗಿ ಬ್ರೆಡ್ಡಿನ ಕಟ್ಟು ಎತ್ತಿಡುವುದಾಗಿ ಹೇಳಿದ್ದಾರೆ. ಸೊಂಟಕ್ಕೆ ಬಿಸಿನೀರಿನ ಶಾಖ ಬಿಡಬೇಡ, ಪುಸ್ತಕದ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೋ. ನಾನು ನಿನ್ನನ್ನು ಹರಸುವ ಹಾಗಿಲ್ಲ, ಚಿಕ್ಕವಳು. ನೀನೇ ನಮ್ಮ ಮೂವರನ್ನೂ ಹರಸು.

ನಿನ್ನ
ತಂಗಿ

ತಾ.ಕ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ, ಹರಿದಂತೆ ಕಂಡರೆ ಅದು ನನ್ನ ಕೈಯೇ.

ನಾನು ನಿದ್ದೆ ಹೋಗಿರಲಿಲ್ಲ, ಅಕ್ಕ. ಆ ಬೆಳಿಗ್ಗೆ ನಿನ್ನ ಗೆಳತಿಯರು ನನ್ನನ್ನು ನೋಡಿ "ಬಾಲ ಬಂತು" ಎಂದರು. ನೀನೂ ನಕ್ಕು ನನ್ನ ಕೈ ಬಿಟ್ಟೆ. ನಿನಗೆ ಒಂದು ಬೈಗುಳ ಸಿಗಲಿ, ಒಂದೇ ಒಂದು, ಎಂದು ನಾನು ಮಧ್ಯಾಹ್ನ ಕೊನೆಯ ಸೀಟಿನ ಕೆಳಗೆ ಮುದುರಿ ಕುಳಿತೆ. ನಿನ್ನ ಬೂಟು ಬಸ್ಸಿನ ನಡುವಿನವರೆಗೆ ಬಂದು ತಿರುಗಿದ್ದು ನೋಡಿದೆ. "ಇಳಿಯಮ್ಮ, ಹೊತ್ತಾಯ್ತು" ಎಂದು ಡ್ರೈವರು ಗದರಿದ್ದೂ ಕೇಳಿತು. ಆಮೇಲೆ ಡಿಪೋದಲ್ಲಿ ಸಾಲಾಗಿ ನಿಂತ ಬಸ್ಸುಗಳು, ಒದ್ದೆ ನೆಲದಿಂದ ಚಾವಣಿಗೆ ಹೋಗಿ ಅಲುಗುತ್ತಿದ್ದ ಬಿಸಿಲು, ಇಡೀ ಬಸ್ಸಿಗೆ ನಾನೊಬ್ಬಳೇ. ಅಷ್ಟು ಸುಖದ ಮಧ್ಯಾಹ್ನ ನನ್ನ ಬದುಕಿನಲ್ಲಿ ಇನ್ನೊಂದು ಬರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅಮ್ಮ ಆ ಮಾತು ಅನ್ನುವಾಗ ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಬಾಯಿ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬಸ್ ತೊಳೆಯುವವನು ಕೊಟ್ಟ ಬಿಸ್ಕತ್ತು ಬಾಯಲ್ಲಿತ್ತು. ಮೂವತ್ತೆಂಟು ವರ್ಷ ಅದನ್ನು ಅಗಿಯುತ್ತಲೇ ಇದ್ದೇನೆ.

ನಿನ್ನ ಕೈಗೆ ಏನೂ ಆಗಿರಲಿಲ್ಲ. ಇಳಿಯುವ ಮೊದಲು ನೀನು ಎರಡು ಸಲ ನನ್ನನ್ನು ಕರೆದೆ. ಎರಡನೆಯ ಸಲ ನಿನ್ನ ದನಿ ನಡುಗಿತು. ನನಗೆ ಕೇಳಿಸಿತ್ತು.

ಓ, ಅಕ್ಕ. ಇಲ್ಲೇ ಇದ್ದೇನೆ.